ನಕ್ಷತ್ರದ ವಿಳಾಸ ತಿದ್ದಿದ ಅಕ್ಕೋರು

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಸರಳತೆಯನ್ನೇ ಹೊಗಳಿದರು. ಒಬ್ಬರು ಅವರ ಹತ್ತಿ ಸೀರೆಯ ಬಗ್ಗೆ ಹೇಳಿದರು. ಇನ್ನೊಬ್ಬರು, ಇಷ್ಟು ಓದಿದವರಾದರೂ ದಿನಾ ಬಸ್ಸಿನಲ್ಲೇ ಬರುತ್ತಿದ್ದರು ಎಂದು ಗದ್ಗದಿತರಾದರು. ಬಸ್ಸಿನಲ್ಲಿ ಬರುವುದೇ ದೊಡ್ಡಗುಣವಾದರೆ ಅಂಕೋಲಾ-ಕಾರವಾರ ಲೋಕಲ್ ಬಸ್ಸಿನ ತುಂಬ ಮಹಾತ್ಮರೇ ನೇತಾಡುತ್ತಿರುತ್ತಾರೆ. ಕಾಲೇಜಿನ ಮೂಲೆಯ ಲ್ಯಾಬಿನಲ್ಲಿ ಕೂತು ನ್ಯೂಟ್ರಾನ್ ನಕ್ಷತ್ರದ ನಾಡಿ ಹಿಡಿದಿದ್ದ ಒಬ್ಬ ಹೆಂಗಸಿನ ಬಗ್ಗೆ ಹೇಳಲು ಇವರ ಹತ್ತಿರ ಸೀರೆ ಮತ್ತು ಬಸ್ಸು ಬಿಟ್ಟರೆ ಏನೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಆರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾರವಾರದ ಅದೇ ಕಾಲೇಜಿನ ಕನ್ನಡ ಮೇಷ್ಟ್ರು. ಇಬ್ಬರೂ ಅಂಕೋಲೆಯಿಂದ ಬೆಳಿಗ್ಗೆ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಭೌತಶಾಸ್ತ್ರ ಕಲಿಸುತ್ತಿದ್ದ ಅವರು ವಿದ್ಯಾರ್ಥಿಗಳಿಗೆ ಮೇಡಂ. ಜವಾನ, ಕಂಡಕ್ಟರು, ಬಸ್‌ಸ್ಟ್ಯಾಂಡಿನ ಮೀನಿನ ಬುಟ್ಟಿಯ ಹೆಂಗಸರು ಎಲ್ಲರಿಗೂ ಅಕ್ಕೋರು. ನಾನೂ ಹಾಗೇ ಕರೆಯುತ್ತಿದ್ದೆ. ಮದುವೆ ಆಗಿರಲಿಲ್ಲ, ತಾಯಿಯೊಡನೆ ಪುನರ್ವಸತಿ ಕಾಲೊನಿಯಲ್ಲಿ ಇದ್ದರು. ಹುಟ್ಟಿದ ಮನೆ ಚೆಂಡಿಯಾದ್ದು. ನೌಕಾನೆಲೆಗೆ ಜಾಗ ಹೋದಾಗ ಆ ಮನೆಯೂ ಹೋಯಿತು. ಅಮದಳ್ಳಿ ದಾಟಿ ಬಸ್ಸು ನೌಕಾನೆಲೆಯ ಆ ಉದ್ದದ ಗೋಡೆಯ ಪಕ್ಕಕ್ಕೆ ಬಂತೆಂದರೆ ಅವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಕೈಯಲ್ಲಿದ್ದ ಟಿಕೆಟ್ಟನ್ನು ಮಡಚಲು ಶುರುಮಾಡುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ ಮಡಚುವುದು, ಕೂಡದಿದ್ದರೆ ಬಿಡಿಸಿ ಮತ್ತೆ ಮಡಚುವುದು. ಗೋಡೆ ಮುಗಿದು ಅರಗಾ ಬಂದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು.

ಸರಳ ಅಂತೆ! ಮಹಾ ತಕರಾರಿನ ಹೆಂಗಸು. ಸ್ಟಾಫ್ ರೂಮಿನಲ್ಲಿ ಯಾರಾದರೂ ಬಾಯಿಗೆ ಬಂದ ಅಂಕಿ ಹೇಳಿದರೆ ಟಿಫಿನ್ ಡಬ್ಬಿಯ ಮುಚ್ಚಳ ಮುಚ್ಚಿ, "ಎಲ್ಲಿ ಓದಿದ್ರಿ?" ಎಂದು ಕೇಳುವವರು. ಹುಡುಗನೊಬ್ಬನ ಉತ್ತರಪತ್ರಿಕೆಯಲ್ಲಿ ಕೂಡಿದ್ದು ತಪ್ಪಿ ಮಾರ್ಕು ಹೆಚ್ಚು ಬಿದ್ದಿದೆ ಎಂದು ಗೊತ್ತಾದಾಗ ಅವನನ್ನು ಕರೆದು ಕಡಿಮೆ ಮಾಡಿದರು. ಅವನ ಅಪ್ಪ ಬಂದು ಕೂಗಾಡಿದ. ಇವರು ಕುರ್ಚಿ ಕೊಟ್ಟು ಕೂರಿಸಿ ಅವನಿಂದಲೇ ಕೂಡಿಸಿ ತೋರಿಸಿದರು. ತಮ್ಮ ವಿಷಯದಲ್ಲೂ ಅಷ್ಟೇ ನಿಷ್ಠುರ. ನಿನ್ನೆ ಪಾಠದಲ್ಲಿ ಏನಾದರೂ ತಪ್ಪು ಹೇಳಿದ್ದರೆ ಇವತ್ತು ಹಾಜರಿಗೂ ಮೊದಲು, "ನಿನ್ನೆ ನಾನು ಹೇಳಿದ್ದು ತಪ್ಪು, ಗೀಟು ಹಾಕಿ" ಎನ್ನುತ್ತಿದ್ದರು. ಇಡೀ ಕ್ಲಾಸು ಸ್ಕೇಲು ಹಿಡಿದು ಗೀಟು ಹಾಕಬೇಕು. ಹುಡುಗರು ಬೆನ್ನ ಹಿಂದೆ ಗೀಟು ಮೇಡಂ ಎಂದು ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು ಅಂತ ನನ್ನ ಗುಮಾನಿ.

ಆ ನಕ್ಷತ್ರದ ಹುಚ್ಚು ಅವರಿಗೆ ಓದುವ ಕಾಲದಿಂದಲೂ ಇತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ, ಕೆಲಸ ಮಾಡುತ್ತಲೇ ಪಿಎಚ್.ಡಿ.ಗೆ ಹೆಸರು ಹಚ್ಚಿದರು. ಮಾರ್ಗದರ್ಶಕರು ದೂರದ ನಗರದ ಒಂದು ದೊಡ್ಡ ಸಂಸ್ಥೆಯ ಪ್ರೊಫೆಸರು. ಅವರನ್ನು ನಾನು ಇಲ್ಲಿ ದೊಡ್ಡವರು ಎಂದೇ ಕರೆಯುತ್ತೇನೆ, ಎಲ್ಲರೂ ಹಾಗೇ ಅಂದುಕೊಂಡಿದ್ದರು. ಉಪಗ್ರಹವೊಂದು ಆಕಾಶದಲ್ಲಿ ಹಿಡಿದ ಎಕ್ಸ್-ರೇ ಮಿಣುಕುಗಳ ಲೆಕ್ಕ ಸಿ.ಡಿ.ಗಳಲ್ಲಿ ತುಂಬಿ ಅಂಚೆಯಲ್ಲಿ ಬರುತ್ತಿತ್ತು. ಮಧ್ಯಾಹ್ನ ಪ್ರಾಕ್ಟಿಕಲ್ ಇಲ್ಲದ ಹೊತ್ತಿನಲ್ಲಿ ಲ್ಯಾಬಿನ ಒಂದೇ ಕಂಪ್ಯೂಟರಿನ ಮುಂದೆ ಅಕ್ಕೋರು. ಕರೆಂಟು ಹೋದರೆ ಮಾಡಿದ್ದೆಲ್ಲ ಮೊದಲಿಂದ. ಬೇಕಾದ ಲೇಖನ ಇಳಿಸಿಕೊಳ್ಳಲು ಸೈಬರ್ ಕೆಫೆಗೆ ಹೋದರೆ, ಪಕ್ಕದಲ್ಲಿ ಸಿನಿಮಾ ನಟಿಯರ ಫೋಟೋ ನೋಡುವ ಹುಡುಗರು ಇವರನ್ನು ಕಂಡು ಎದ್ದು ಓಡುತ್ತಿದ್ದರು. ಅದರಿಂದ ಸಂಪರ್ಕ ಸ್ವಲ್ಪ ವೇಗವಾಗುತ್ತದೆ ಎಂದು ಅವರು ಹೇಳುತ್ತಿದ್ದರು.

ವಿಷಯ ಏನೆಂದು ನಾನು ಒಮ್ಮೆ ಬಸ್ಸಿನಲ್ಲಿ ಕೇಳಿದೆ. ಹೇಳಿದರು. ನ್ಯೂಟ್ರಾನ್ ನಕ್ಷತ್ರವೆಂದರೆ ಸೂರ್ಯನಿಗಿಂತ ಹೆಚ್ಚು ತೂಕ, ಆದರೆ ಗಾತ್ರ ಎಷ್ಟೆಂದರೆ, ಕಾರವಾರದಿಂದ ಹೊರಟರೆ ಅಂಕೋಲಾ ಮುಟ್ಟುವ ಮೊದಲೇ ಮುಗಿದುಹೋಗುವಷ್ಟು. ಒಂದು ದೊಡ್ಡ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿದ ಗಟ್ಟಿ ಗಂಟು ಅದು. ತಿರುಗಿ ತಿರುಗಿ ಸುಸ್ತಾಗಿ ನಿಧಾನವಾಗುತ್ತದೆ. ಆದರೆ ಪಕ್ಕದಲ್ಲಿ ಒಂದು ಜೊತೆಗಾರ ನಕ್ಷತ್ರ ಇದ್ದರೆ ಅದರ ಮೈಯನ್ನು ಎಳೆದೆಳೆದು ನುಂಗಿ ಮತ್ತೆ ವೇಗ ಪಡೆಯುತ್ತದೆ, ಸೆಕೆಂಡಿಗೆ ನೂರಾರು ಸುತ್ತು.

"ಜೊತೆಗಾರನ ಗತಿ?" ಎಂದೆ.

"ಸವೀತ ಹೋಗ್ತದೆ ಮಾಸ್ತರೆ. ಅದು ನಮ್ಗೆ ಕಾಣೂದೂ ಇಲ್ಲ. ಇವ್ನ ಮಿಣುಕು ಒಮ್ಮೆ ಬೇಗ ಬತ್ತದೆ, ಒಮ್ಮೆ ತಡ ಆಗ್ತದೆ. ಅದ್ರಿಂದ, ಓಹೋ ಪಕ್ಕದಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗೂದು, ಅಷ್ಟೇ."

ಹುಡುಗರಿಗೆ ಇದನ್ನು ಕಲಿಸಲು ಜವಾನನ ಸೈಕಲ್ಲೇ ಬೇಕು. ಅದನ್ನು ಕ್ಲಾಸಿಗೆ ತರಿಸಿ, ತಲೆಕೆಳಗೆ ನಿಲ್ಲಿಸಿ, ಹಿಂದಿನ ಚಕ್ರ ತಿರುಗಿಸುತ್ತಿದ್ದರು. ಚಕ್ರ ನಿಧಾನವಾಗುತ್ತ ಬಂದಾಗ ಅಂಗೈಯಿಂದ ಟೈರಿನ ಅಂಚಿಗೆ ಓರೆಯಾಗಿ ಒಂದು ಏಟು, ಮತ್ತೊಂದು ಏಟು. ಚಕ್ರ ಬುಸುಗುಡುತ್ತ ಓಡುತ್ತಿತ್ತು. "ನೆಟ್ಟಗೆ ನಡೂಕೆ ಹೊಡೆದ್ರೆ ಏನೂ ಆಗೂದಿಲ್ಲ. ಜೊತೆಗಾರನ ಮೈಯಿಂದ ಬೀಳೂ ಗಾಳಿ ಸುತ್ತಿಕೊಂಡು ಬಂದು ಅಂಚಿಗೆ ತಾಗಬೇಕು" ಎನ್ನುತ್ತಿದ್ದರು. ಅಂಗೈ ಕಪ್ಪಾಗುತ್ತಿತ್ತು. ಬಾಗಿಲಲ್ಲಿ ನಿಂತ ಜವಾನ, "ಅಕ್ಕೋರೆ, ಸಂಜೆಗೆ ಅದ್ರಲ್ಲೇ ನಾನು ಮನೆಗೆ ಹೋಗೂದು, ಸಾವಕಾಶ" ಎಂದು ಕಂಗಾಲಾಗುತ್ತಿದ್ದ.

ಹೀಗೆ ನುಂಗಿದಾಗ ವೇಗ ಹೆಚ್ಚುತ್ತದೆ ಎಂಬುದು ಹೇಳಿಕೊಂಡು ಬಂದ ಮಾತು. ನುಂಗುತ್ತಿರುವಾಗಲೇ ಹೆಚ್ಚುವುದನ್ನು ಅಳೆದು ಹಿಡಿಯುವುದು ಬೇರೆ. ಅಕ್ಕೋರು ಹಿಡಿದಿದ್ದು ಅದನ್ನು. ಆ ನಕ್ಷತ್ರ ಕೆಲವು ವಾರ ಉರಿದು ಆಮೇಲೆ ಸುಮ್ಮನಾಗುವಂಥದ್ದು. ಆ ಕೆಲವು ವಾರಗಳ ಮಿಣುಕುಗಳನ್ನು ಅವರು, ಬಸ್ ಟಿಕೆಟ್ ಮಡಚಿದ ಹಾಗೇ, ಒಂದು ಸುತ್ತಿನ ಅಳತೆಗೆ ಮಡಚಿ ಒಂದರ ಮೇಲೊಂದು ಕೂಡಿಸಿದರು. ಕೊನೆಯ ವಾರದ ಅಂಚು ಮೊದಲ ವಾರದ್ದಕ್ಕೆ ಕೂಡಲಿಲ್ಲ. ಚೂರೇ ಚೂರು ಮುಂದೆ ಹೋಗಿತ್ತು. ಅಂದರೆ ವೇಗ ಹೆಚ್ಚಿದೆ. ಆ ದಿನ ಗೋಡೆಯ ಪಕ್ಕದಲ್ಲೂ ಮಾತು ನಿಲ್ಲಿಸಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಿಣುಕು ಎಣಿಸುವ ನಾವೇ ಒಂದು ಕಡೆ ನಿಂತಿಲ್ಲ. ಭೂಮಿ ಓಡುತ್ತಿದೆ. ನಾವು ನಕ್ಷತ್ರದ ಕಡೆಗೆ ಓಡಿದರೆ ಮಿಣುಕು ಬೇಗ ಸಿಗುತ್ತದೆ, ದೂರ ಓಡಿದರೆ ತಡವಾಗಿ. ಆದ್ದರಿಂದ ಮೊದಲು ನಮ್ಮ ಓಟವನ್ನು ಲೆಕ್ಕದಿಂದ ಕಳೆಯಬೇಕು. ಕಳೆಯಲು ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಎಂಬುದು ಕರಾರುವಾಕ್ಕಾಗಿ ಗೊತ್ತಿರಬೇಕು. ಆ ಜಾಗದ ಅಂಕಿಯನ್ನು ದೊಡ್ಡವರೇ ಕೊಟ್ಟಿದ್ದರು. ಇಷ್ಟು ನಿಖರ ಸಾಕೇ ಎಂದು ಅಕ್ಕೋರು ಕೇಳಿದ್ದರು. ಧಾರಾಳ ಸಾಕು ಎಂದು ಅವರು ಹೇಳಿದ್ದರು.

ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲ ಹೆಸರು ದೊಡ್ಡವರದ್ದು, ಎರಡನೆಯದು ಇವರದ್ದು. ನಾನು ಮುಖ ಸಿಂಡರಿಸಿದ್ದಕ್ಕೆ, "ಪದ್ಧತಿ ಹಾಗೇ ಮಾಸ್ತರೆ" ಎಂದು ಸುಮ್ಮನಾಗಿಸಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ದೊಡ್ಡವರಿಗೆ ಒಂದು ಬುಟ್ಟಿ ಈಶಾಡ ಮಾವಿನಹಣ್ಣು ಬಸ್ಸಿನ ಮೇಲೆ ಕಳಿಸುವುದೂ ಪದ್ಧತಿಯೇ ಆಗಿತ್ತು. ಊರಿಗೆ ಸುದ್ದಿ ಗೊತ್ತಾಯಿತು. ಕಾರವಾರದ ಒಂದು ಸಂಘದವರು ಸನ್ಮಾನ ಇಟ್ಟುಕೊಂಡರು. ನಿರೂಪಕ, "ನಕ್ಷತ್ರಗಳ ವೇಗ ಹೆಚ್ಚಿಸಿದ ನಮ್ಮ ಜಿಲ್ಲೆಯ ಹೆಮ್ಮೆಯ ಪುತ್ರಿ" ಎಂದ. ಅಕ್ಕೋರು ಮೈಕು ಹಿಡಿದು ಮೊದಲು ಆ ವಾಕ್ಯ ತಿದ್ದಿದರು. ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಆಯಿತು. ನಮ್ಮ ಪ್ರಿನ್ಸಿಪಾಲರು ಫೋಟೋದಲ್ಲಿ ಅವರಿಗಿಂತ ಮುಂದೆ ನಿಂತಿದ್ದರು. ಥೀಸಿಸ್ ಬರೆದು ಮುಗಿದಿತ್ತು, ದೊಡ್ಡವರ ಸಹಿ ಬಿದ್ದರೆ ಡಾಕ್ಟರ್. ಕಾಲೊನಿಯಲ್ಲಿ ಅವರ ತಾಯಿ, "ನಮ್ಮ ಹುಡ್ಗಿ ಡಾಕ್ಟರ್ ಆತದೆ, ಇಂಜೆಕ್ಷನ್ ಕೊಡೂ ಡಾಕ್ಟರ್ ಅಲ್ಲ, ಆಕಾಶದ್ದು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಜಾಗ ಹೋದ ಮೇಲೆ ಆ ಮುದುಕಿಯ ಬಾಯಲ್ಲಿ ಬಂದ ಮೊದಲ ಸಂತೋಷದ ಮಾತು ಅದು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕೋರು ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಹೋತು ಮಾಸ್ತರೆ" ಎಂದರು.

ಯಾರೋ ಸತ್ತರು ಎಂದುಕೊಂಡೆ. ಸತ್ತದ್ದು ಪ್ರಬಂಧ. ಬೇರೆ ದೇಶದವರು ಇನ್ನೂ ಚುರುಕಾದ ದೂರದರ್ಶಕದಿಂದ ನೋಡಿ ಆ ನಕ್ಷತ್ರದ ಸರಿಯಾದ ಜಾಗ ಪ್ರಕಟಿಸಿದ್ದರು. ಹಳೆಯದಕ್ಕಿಂತ ಕೂದಲಿನಷ್ಟು ಆಚೆ. ಇವರು ಹೊಸ ಜಾಗ ಹಾಕಿ ಮತ್ತೆ ಮಡಚಿ ನೋಡಿದರು. ಅಂಚುಗಳೆಲ್ಲ ಲಕ್ಷಣವಾಗಿ ಕೂಡಿಬಿಟ್ಟವು. ನಕ್ಷತ್ರ ನುಂಗಿದ್ದು ನಿಜ. ಆದರೆ ವೇಗ ಹೆಚ್ಚಿದೆ ಎಂದು ಕಂಡದ್ದು ಅದರ ಓಟವಲ್ಲ, ಸರಿಯಾಗಿ ಕಳೆಯದೆ ಉಳಿದ ನಮ್ಮ ಭೂಮಿಯ ಓಟ.

"ವಿಳಾಸ ತಪ್ಪಿತ್ತು, ಅಷ್ಟೇ" ಎಂದರು. "ನಮ್ಮ ಅಪ್ಪ ಸಾಯೂವರೆಗೂ ಎಲ್ರಿಗೂ ಚೆಂಡಿಯಾದ ವಿಳಾಸನೇ ಕೊಡ್ತಿದ್ರು. ಕಾಗದ ಎಲ್ಲ ಅಲ್ಲಿಗೇ ಹೋಗಿ, ಮದುವೆ ಮುಗಿದ ಮೇಲೆ ಕರೆಯೋಲೆ ಬತ್ತಿತ್ತು. ನಾನೂ ಅಪ್ಪನ ಮಗಳೇ."

ನಾನು, ಅಂಕಿ ಕೊಟ್ಟದ್ದು ದೊಡ್ಡವರಲ್ಲವೇ ಎಂದೆ. "ಹಾಕಿದ್ದು ನನ್ನ ಕೈ" ಎಂದರು. ಆ ಮಾತು ಅಲ್ಲಿಗೇ ಮುಗಿಯಿತು. ಮುಂದೆ ಯಾವತ್ತೂ ಅವರ ಬಾಯಲ್ಲಿ ಇನ್ನೊಬ್ಬರ ಕೈಯ ಸುದ್ದಿ ಬರಲಿಲ್ಲ.

ಮಧ್ಯಾಹ್ನ ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ದೊಡ್ಡವರಿಗೆ ಫೋನು ಮಾಡಿದರು. ನಾನು ಹೊರಗೆ ನಿಂತಿದ್ದೆ. ಆಚೆ ಕಡೆಯ ಮಾತು ನನಗೆ ಕೇಳಿಸಲಿಲ್ಲ, ಆಮೇಲೆ ಅವರೇ ಹೇಳಿದರು. ದೊಡ್ಡವರ ಹೆಸರು ಆ ವರ್ಷ ಒಂದು ದೊಡ್ಡ ಗೌರವಕ್ಕೆ ಹೋಗಿತ್ತು, ಈ ಪ್ರಬಂಧವೇ ಅದರ ಬಲ. ಅದು ಆಗಲಿ, ನಿಮ್ಮ ಥೀಸಿಸ್ಸೂ ಆಗಲಿ, ಆಮೇಲೆ ನಿಧಾನವಾಗಿ ತಿದ್ದಿದರಾಯಿತು, ಯಾರೂ ನೋಡುವುದಿಲ್ಲ ಎಂದರಂತೆ. ನನಗೆ ಕೇಳಿಸಿದ್ದು ಬೂತಿನ ಒಳಗಿನ ಮಾತು ಮಾತ್ರ: "ಇಲ್ಲ ಸರ್. ನಾನು ನೋಡಿದ್ದೇನಲ್ಲ."

ನೀವು ಬರೆಯದಿದ್ದರೆ ನಾನೇ ಪತ್ರಿಕೆಗೆ ಬರೆಯುತ್ತೇನೆ ಎಂದು ಹೇಳಿ ಫೋನು ಇಟ್ಟರು. ಆಗ ದೊಡ್ಡವರು ಚುರುಕಾದರು. ಇವರಿಗಿಂತ ಮೊದಲು ತಾವೇ ಬರೆದರು. ಒಬ್ಬ ಅರೆಕಾಲಿಕ ವಿದ್ಯಾರ್ಥಿನಿಯ ಲೆಕ್ಕದಲ್ಲಿ ನುಸುಳಿದ ದೋಷವನ್ನು ತಮ್ಮ ತಂಡ ಪತ್ತೆಹಚ್ಚಿ ಪ್ರಬಂಧವನ್ನು ಹಿಂಪಡೆಯುತ್ತಿದೆ ಎಂದು ಬರೆದರು. ತಂಡ ಎಂದರೆ ಯಾರು, ದೇವರಿಗೇ ಗೊತ್ತು. ಗೌರವ ಅವರಿಗೆ ಹೇಗೂ ಸಿಕ್ಕಿತು. ಥೀಸಿಸ್ಸಿಗೆ ಸಹಿ ಬೀಳಲಿಲ್ಲ. ಮುಖ್ಯ ಫಲಿತಾಂಶವೇ ಇಲ್ಲವೆಂದ ಮೇಲೆ ಥೀಸಿಸ್ ಎಲ್ಲಿಯದು ಎಂದು ಕೇಳಿದರಂತೆ. ಇವರು ಹೊಸದಾಗಿ ಲೆಕ್ಕ ಮಾಡಿ ಕಳಿಸಿದ ಅಧ್ಯಾಯಕ್ಕೆ ಉತ್ತರವೇ ಬರಲಿಲ್ಲ. ಆಮೇಲೆ ಸಿ.ಡಿ.ಗಳೂ ಬರಲಿಲ್ಲ.

ಊರಿನ ವರಸೆ ಇನ್ನೂ ಚೆನ್ನಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಮ್ಮ ಜನ ಕ್ಷಮಿಸುತ್ತಾರೆ, ಮತ್ತೆ ಆರಿಸಿಯೂ ತರುತ್ತಾರೆ. ತಾವಾಗಿಯೇ ತಪ್ಪಾಯಿತು ಎಂದವರನ್ನು ಮಾತ್ರ ಬಿಡುವುದಿಲ್ಲ. ಪ್ರಿನ್ಸಿಪಾಲರು ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ ಎಂದೇ ಹೆಸರು. ಅವರು ಅಕ್ಕೋರನ್ನು ಕರೆದು, "ನಿಮಗ ಇದನ್ನ ಹೇಳ್ಕೋಬೇಕಂತ ಯಾರ್ ಕೇಳಿದ್ರು ಮೇಡಂ? ಸನ್ಮಾನಕ್ಕ ನಾವೆಲ್ಲ ಬಂದಿದ್ದಿವಿ, ನಮ್ಮ ಮರ್ಯಾದಿ ಏನಾತು?" ಎಂದು ಕೇಳಿದರು. ಅಕ್ಕೋರು ಮರುದಿನವೇ ಆ ಶಾಲನ್ನು ಒಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ಸಂಘದ ಕಾರ್ಯದರ್ಶಿಯ ಮನೆಗೆ ಹೋಗಿ ಕೊಟ್ಟುಬಂದರು. ಬೇಡ ಬೇಡ ಎನ್ನುತ್ತಲೇ ಅವರು ತೆಗೆದುಕೊಂಡರು. ಮುಂದಿನ ಸಮಾರಂಭದಲ್ಲಿ ಅದೇ ಶಾಲು ಇನ್ನೊಬ್ಬರ ಹೆಗಲೇರಿತು. ಸೈಕಲ್ ಚಕ್ರದ ಕಪ್ಪು ಅಂಗೈಯಿಂದ ಹತ್ತಿದ್ದ, ಒಗೆದರೂ ಹೋಗದ ಒಂದು ಕಲೆ ಜರಿಯ ಪಕ್ಕದಲ್ಲಿತ್ತು, ಅದರಿಂದ ನಾನು ಗುರುತು ಹಿಡಿದೆ. ಸನ್ಮಾನಿತರು ಆ ಕಲೆಯನ್ನು ಒಳಗೆ ಮಾಡಿ ಹೊದ್ದುಕೊಂಡು ನಗುತ್ತಿದ್ದರು.

ಕಾಲೊನಿಯಲ್ಲಿ ತಾಯಿ ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಆಕಾಶದ ಡಾಕ್ಟರ್ ಯಾವಾಗ ಎಂದು ಜನ ಕೇಳುತ್ತಿದ್ದರು. ಮಗಳು ಮಾಡಿದ್ದು ಸರಿಯೇ ಎಂದು ಆ ಮುದುಕಿಗೆ ಗೊತ್ತಿತ್ತೋ ಇಲ್ಲವೋ, ನಾನು ಮನೆಗೆ ಹೋದಾಗ ಒಮ್ಮೆ ಮಾತ್ರ, "ಮನೆ ಹೋದಾಗ ಅದ್ರಪ್ಪ ಅತ್ತಿದ್ದ, ಇದು ಅದನ್ನೂ ಮಾಡೂದಿಲ್ಲ ಮಾಸ್ತರೆ" ಎಂದರು. ಅಕ್ಕೋರು ಒಳಗೆ ಚಹಾ ಸೋಸುತ್ತಿದ್ದರು. ಕೇಳಿಸಿಕೊಂಡೇ ಲೋಟ ತಂದು ನನ್ನ ಮುಂದಿಟ್ಟರು.

ಅದಾಗಿ ಕೆಲವು ವರ್ಷಗಳ ಮೇಲೆ, ದಶಕ ಮುಗಿಯುವ ಹೊತ್ತಿಗೆ, ವಿಜ್ಞಾನ ದಿನಾಚರಣೆಗೆ ನಮ್ಮ ಕಾಲೇಜಿಗೆ ದೊಡ್ಡವರೇ ಅತಿಥಿಯಾಗಿ ಬಂದರು. ಯಾರು ಕರೆದದ್ದು ಎಂದು ಕೇಳಬೇಡಿ, ಹೆಸರು ದೊಡ್ಡದಿದ್ದರೆ ನಮ್ಮವರು ಯಾರನ್ನಾದರೂ ಕರೆಯುತ್ತಾರೆ. ಅಕ್ಕೋರು ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ದೊಡ್ಡವರು ಚೆನ್ನಾಗಿಯೇ ಮಾತಾಡಿದರು, ಅದು ನನಗೆ ಇನ್ನೂ ಕೆಟ್ಟದೆನಿಸಿತು. ನಿಮ್ಮ ಅಂಕೋಲೆಯ ಈಶಾಡದ ರುಚಿ ನನಗೆ ಗೊತ್ತು ಎಂದಾಗ ಚಪ್ಪಾಳೆ ಬಿತ್ತು. ಭಾಷಣದ ವಿಷಯ, ವಿಜ್ಞಾನದಲ್ಲಿ ಪ್ರಾಮಾಣಿಕತೆ. ಒಮ್ಮೆ ತಾವು ಒಂದು ದೊಡ್ಡ ಸಂಶೋಧನೆ ಪ್ರಕಟಿಸಿದ್ದು, ಆಮೇಲೆ ನಕ್ಷತ್ರದ ಜಾಗ ಚೂರು ತಪ್ಪಿದ್ದು ತಮಗೆ ತಿಳಿದದ್ದು, ಗೌರವವೊಂದು ಕೈಗೆ ಬರುವ ಹೊತ್ತಿನಲ್ಲೂ ಮನಸ್ಸಾಕ್ಷಿಗೆ ಅಂಜಿ ತಾವೇ ಅದನ್ನು ಹಿಂಪಡೆದದ್ದು. ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಎದ್ದು ಕೂಗಬೇಕೆನಿಸಿತು. ಅಕ್ಕೋರು ನನ್ನ ಅಂಗಿಯ ತೋಳು ಹಿಡಿದು ಕೂರಿಸಿದರು. ದೊಡ್ಡವರು ಆಮೇಲೆ ಜವಾನನ ಸೈಕಲ್ ತರಿಸಿ, ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ ತೋರಿಸಿದರು. ಅಕ್ಕೋರಿಂದ ಕೇಳಿದ್ದ ಆ ಪಾಠವನ್ನೂ ಬಿಟ್ಟಿರಲಿಲ್ಲ. ಸಭೆ ಮುಗಿದು ಇಳಿದು ಬರುವಾಗ ಅಕ್ಕೋರು ನಮಸ್ಕಾರ ಮಾಡಿದರು. ಅವರು, "ಓ, ನೀವು ಇಲ್ಲೇ ಇದ್ದೀರಾ? ಆರೋಗ್ಯವೇ?" ಎಂದು ಕಾರಿನ ಕಡೆಗೆ ನಡೆದರು.

ಸಂಜೆ ಬಸ್ಸಿನಲ್ಲಿ ನಾನು ಬಿಣಗಾ ದಾಟುವವರೆಗೂ ಬೈದೆ. ಬೈದು ಸುಸ್ತಾದ ಮೇಲೆ, "ನುಂಗಿದರಲ್ಲ ಅಕ್ಕೋರೆ, ನಿಮ್ಮನ್ನು ಇಡಿಯಾಗಿ ನುಂಗಿದರಲ್ಲ!" ಎಂದೆ.

"ನುಂಗೂದು ಕಂಡ್ತು" ಎಂದರು. "ಅದ್ರಿಂದ ವೇಗ ಹೆಚ್ಚಾತಾ ಇಲ್ವಾ ಹೇಳೂಕೆ ನಮ್ಮ ಹತ್ರ ಡೇಟಾ ಇಲ್ಲ ಮಾಸ್ತರೆ." ಎದುರಿಗೆ ಗೋಡೆ ಬಂತು. ಅವರು ಟಿಕೆಟ್ಟು ಮಡಚಲು ಶುರುಮಾಡಿದರು. ಗೋಡೆ ಮುಗಿದ ಮೇಲೂ ಆ ದಿನ ಮಾತು ಎತ್ತಿಕೊಳ್ಳಲಿಲ್ಲ. ಅವರಿಗೆ ನೋವಾಗಿತ್ತು. ಅದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವರು ಏಳಲಿಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು.

ಶ್ರದ್ಧಾಂಜಲಿ ಸಭೆಯ ವಿಷಯ ಮೊದಲೇ ಹೇಳಿದೆ. ಅದು ಶುರುವಾಗುವ ಮೊದಲು ನಡೆದದ್ದನ್ನು ಹೇಳಿಲ್ಲ. ನಾನು ಸಭಾಂಗಣಕ್ಕೆ ಹೋದಾಗ ಕರಿಹಲಗೆಯ ಮೇಲೆ, ದುಂಡನೆಯ ಅಕ್ಷರದಲ್ಲಿ, ಅವರ ಹೆಸರಿನ ಹಿಂದೆ 'ಡಾ.' ಎಂದು ಬರೆದಿತ್ತು. ಬರೆದವಳು ಹೊಸದಾಗಿ ಸೇರಿದ ಲೆಕ್ಚರರ್. ಇದು ಎಲ್ಲಿಂದ ಬಂತು ಎಂದು ಕೇಳಿದೆ. ಪಾಪ, ಅವಳು ಒಂದು ಕಾಗದ ತೋರಿಸಿದಳು. ದೊಡ್ಡವರು ಸಂತಾಪ ಸಂದೇಶ ಕಳಿಸಿದ್ದರು. 'ನನ್ನ ಪ್ರೀತಿಯ ವಿದ್ಯಾರ್ಥಿನಿ ಡಾ.' ಎಂದು ಶುರುವಾಗಿ ಹೆಸರಿತ್ತು. ಆ ಪದವಿಯನ್ನು ತಾವು ಕೊಟ್ಟಿರಲಿಲ್ಲ ಎಂಬುದೇ ಅವರಿಗೆ ಮರೆತುಹೋಗಿತ್ತು.

ನಾನು ಡಸ್ಟರ್ ಎತ್ತಿಕೊಂಡೆ. ಪ್ರಿನ್ಸಿಪಾಲರು ಓಡಿ ಬಂದರು. "ಇರ್ಲಿ ಬಿಡ್ರಿ ಸರ್, ಹೋದವ್ರಿಗೆ ಡಾಕ್ಟರ್ ಅಂದ್ರ ಯಾರ ಗಂಟು ಹೋಗ್ತದ? ಅವ್ರ ತಾಯಿ ಬ್ಯಾರೆ ಬಂದು ಕುಂತಾರ."

ತಿರುಗಿ ನೋಡಿದೆ. ಮುದುಕಿ ಮೊದಲ ಸಾಲಿನಲ್ಲಿ ಕೂತು ಹಲಗೆಯನ್ನೇ ನೋಡುತ್ತಿದ್ದರು. ಅವರಿಗೆ ಓದಲು ಬರುತ್ತಿತ್ತು. ಬಿಟ್ಟುಬಿಡೋಣ ಅನಿಸಿತು. ಕೈ ಕೆಳಗಿಳಿಸಿದೆ ಕೂಡ. ಅಷ್ಟರಲ್ಲಿ ಮುದುಕಿ ಅಲ್ಲಿಂದಲೇ, "ಅದನ್ನ ತೆಗೀರಿ ಮಾಸ್ತರೆ, ನಮ್ಮ ಹುಡ್ಗಿಗೆ ಸಿಟ್ಟು ಬತ್ತದೆ" ಎಂದರು.

ಒರೆಸಿದೆ. ಒದ್ದೆ ಬಟ್ಟೆ ಇರಲಿಲ್ಲ, ಹೆಸರಿನ ಪಕ್ಕದಲ್ಲಿ ಬಿಳಿ ಮಸುಕು ಹಾಗೇ ಉಳಿಯಿತು. ಸೀರೆ ಮತ್ತು ಬಸ್ಸಿನ ಭಾಷಣಗಳು ಮುಗಿಯುವವರೆಗೂ ನಾನು ಅದನ್ನೇ ನೋಡುತ್ತ ಕೂತಿದ್ದೆ. ಆ ಪದವಿ ಅವರದೇ ಆಗಿತ್ತು. ಕಸಿದುಕೊಂಡವರು ಅದನ್ನು ಮರೆತು ಆರಾಮಾಗಿದ್ದರು, ಒರೆಸುವ ಕೆಲಸ ನನ್ನ ಕೈಗೆ ಬಂತು.